ಒಂದಿಲ್ಲದ ಮಷಿನ್ನು

ಮುದ್ದೇಬಿಹಾಳದ ಮೋಡಕಾ ಅಂಗಡಿಯಲ್ಲಿ ಟೈಪ್ ಮಷಿನ್ನಿಗೆ ಕಂಪನಿಯ ಹೆಸರಿಲ್ಲ, ಹುಟ್ಟಿದ ವರ್ಷವಿಲ್ಲ, ಇರುವುದು ತೂಕವೊಂದೇ. ರೆಮಿಂಗ್ಟನ್ ಆಗಲಿ ಗೋದ್ರೆಜ್ ಆಗಲಿ, ಒಮ್ಮೆ ಕಾಟಾಕ್ಕೆ ಏರಿತೆಂದರೆ ಮುರಿದ ಕುಂಟೆ, ಸುಟ್ಟ ಪಂಪ್‌ಸೆಟ್ಟು, ತಳ ಹೋದ ಕೊಪ್ಪರಿಗೆಯ ಜೊತೆ ಅದೂ ಕಬ್ಬಿಣವೇ. ಈ ಸಮಾನತೆ ನನಗೆ ಹಿಡಿಸಿದೆ. ದೊಡ್ಡ ಊರುಗಳಲ್ಲಿ ಇದೇ ಮಷಿನ್ನಿನ ಪಕ್ಕ ಒಂದು ಹಿತ್ತಾಳೆ ಹೂಜಿ ಇಟ್ಟು, ಮೇಲೊಂದು ಹಳದಿ ದೀಪ ಬಿಟ್ಟು, ಹೇಳಬಾರದ ರೊಕ್ಕ ಹೇಳುತ್ತಾರೆ. ನಮ್ಮ ಅಂಗಡಿಯವನದು ಒಂದೇ ಪ್ರಶ್ನೆ: “ಒಡದು ಕೊಡ್ಲೋ, ಹಂಗ ಒಯ್ತೀರೋ?” ಒಡೆದರೆ ಬೀಡು ಬೇರೆ, ಉಕ್ಕು ಬೇರೆ, ರೇಟೂ ಬೇರೆ. ಹಾಗೇ ಒಯ್ಯುವ ನನ್ನ ಮೇಲೆ ಅವನಿಗೆ ಮೊದಮೊದಲು ಸಂಶಯವಿತ್ತು. ಈಗ ಕರುಣೆ ಇದೆ.

ಓಣಿಯವರ ಕರುಣೆಗೆ ಇಷ್ಟು ಸಂಯಮ ಇಲ್ಲ. “ಎಮ್ಮಿ ಕಟ್ಟಿದ್ರ ಹೈನ ಆಕ್ಕೈತಿ, ಕೋಳಿ ಸಾಕಿದ್ರ ತತ್ತಿ. ಇದು ಏನ್ ಕೊಡ್ತೈತ್ರಿ?” ಎಂದು ಎದುರು ಮನೆಯ ಹಿರಿಯರು ಕೇಳಿದಾಗ, ಒಳಗಿನಿಂದ ನನ್ನ ಹೆಂಡತಿಯೇ ಉತ್ತರ ಕೊಟ್ಟಳು: “ಸಪ್ಪಳ ಕೊಡ್ತೈತ್ರೀ.” ಹಾಲಿವುಡ್ಡಿನ ಟಾಮ್ ಹ್ಯಾಂಕ್ಸ್ ಎಂಬ ದೊಡ್ಡ ನಟನೂ ಟೈಪ್‌ರೈಟರ್ ಕೂಡಿಹಾಕುತ್ತಾನೆ, 2017ರಲ್ಲಿ ಅವನು ತಂದ ಕಥಾಸಂಕಲನದ ಹೆಸರಿನಲ್ಲೇ ಟೈಪು ಇದೆ ಎಂದು ಒಂದು ಸಂಜೆ ಮನೆಯಲ್ಲಿ ವಿವರಿಸಿದೆ. “ಅವರ ಮನೀ ಅಟ್ಟ ದೊಡ್ಡದಿರ್ಬೇಕು” ಎಂದಷ್ಟೇ ಪ್ರತಿಕ್ರಿಯೆ ಬಂತು. ನಮ್ಮ ಅಟ್ಟದ ಪರಿಸ್ಥಿತಿ ಹೀಗಿದೆ: ಜೋಳದ ಚೀಲ ಕೆಳಗಿಳಿದಿವೆ, ಮಷಿನ್ನು ಮೇಲೇರಿವೆ.

ಈ ಯಂತ್ರದ ವಂಶಾವಳಿ ಕೆದಕಿದರೆ ಮೊದಲು ಬಂದೂಕು ಸಿಗುತ್ತದೆ. ಅಮೆರಿಕದ ಮಿಲ್ವಾಕಿಯಲ್ಲಿ ಪತ್ರಿಕೆ ನಡೆಸಿದ್ದ ಕ್ರಿಸ್ಟೋಫರ್ ಶೋಲ್ಸ್ 1868ರಲ್ಲಿ ತನ್ನ ಗೆಳೆಯರ ಜೊತೆ ಪೇಟೆಂಟು ಪಡೆದ. ಯಂತ್ರವನ್ನು ಮಾಡಿಕೊಡಲು ಒಪ್ಪಿದ್ದು ರೆಮಿಂಗ್ಟನ್ ಕಂಪನಿ. ಅವರದು ಬಂದೂಕಿನ ಕಾರ್ಖಾನೆ. ಅಲ್ಲಿಯ ಅಂತರ್ಯುದ್ಧ ಮುಗಿದ ಮೇಲೆ ಹೊಲಿಗೆ ಯಂತ್ರಕ್ಕೂ ಕೈಹಾಕಿದ್ದರು. ಹೀಗಾಗಿ 1874ರಲ್ಲಿ ಪೇಟೆಗೆ ಬಂದ ಟೈಪ್‌ರೈಟರು ಹೊಲಿಗೆ ಯಂತ್ರದ ತಂಗಿಯಾಗಿಯೇ ಬಂತು: ಅದೇ ಮೇಜು, ಮೈಮೇಲೆ ಹೂಬಳ್ಳಿ, ಕಾಲಡಿಗೆ ಪೆಡಲು. ಸಾಲು ಮುಗಿದಾಗ ಪೆಡಲು ತುಳಿದರೆ ಕ್ಯಾರೇಜು ಹಿಂದಕ್ಕೆ ಬರುತ್ತಿತ್ತು. ದೊಡ್ಡಕ್ಷರ ಬಿಟ್ಟರೆ ಬೇರೆ ಅಕ್ಷರವಿಲ್ಲ. ಅಚ್ಚು ಕೆಳಗಿನಿಂದ ಬಡಿಯುತ್ತಿದ್ದರಿಂದ ಹೊಡೆದದ್ದು ಹೊಡೆದವನಿಗೆ ಕಾಣುತ್ತಲೂ ಇರಲಿಲ್ಲ. ಹಾಳೆ ಒಂದಷ್ಟು ಮೇಲೇರಿದ ಮೇಲೆಯೇ ದರ್ಶನ. ತಾನೇನು ಬರೆದೆನೆಂದು ಬರೆದವನಿಗೇ ತಡವಾಗಿ ತಿಳಿಯುವ ಈ ಗುಣ ಸರ್ಕಾರಿ ಕಾಗದಗಳಿಗೆ ಅಲ್ಲಿಂದಲೇ ಇಳಿದು ಬಂದಿರಬೇಕು ಎಂಬುದು ನನ್ನ ಗುಮಾನಿ.

ಆ ಅಕ್ಕತಂಗಿಯರ ನಂಟು ನಮ್ಮೂರಲ್ಲಿ ಇನ್ನೂ ಉಳಿದಿದೆ. ಸಣ್ಣ ಸ್ಕ್ರೂ ಕಳೆದರೆ, ತೆಳ್ಳನೆಯ ಎಣ್ಣೆ ಬೇಕಾದರೆ, ಬಾಗಿದ ಸರಳನ್ನು ಎಷ್ಟು ಒತ್ತಬೇಕು ಎಂಬ ಸಂಶಯ ಬಂದರೆ ನಾನು ಹೋಗುವುದು ದರ್ಜಿಯ ಹತ್ತಿರ. ಕಂಪ್ಯೂಟರ್ ಅಂಗಡಿಯ ಹುಡುಗರು ಒಳ್ಳೆಯವರೇ, ಆದರೆ ಅವರಿಗೆ ರೋಗ ತಿಳಿಯುವ ಮೊದಲೇ ಹೊಸದು ತಗೊಳ್ಳಿ ಎನ್ನುವ ರೂಢಿ. ದರ್ಜಿ ಹಾಗಲ್ಲ, ಕಿವಿಗೊಟ್ಟು ಕೇಳಿ, “ಸ್ಪ್ರಿಂಗ್ ಸಡ್ಲ ಐತಿ” ಎನ್ನುತ್ತಾನೆ. ಸಡಿಲವೇ ಇರುತ್ತದೆ.

ಒಂದು ಕಾಲಕ್ಕೆ ತಾಲೂಕು ಊರೆಂದರೆ ಟೈಪಿಂಗ್ ಕ್ಲಾಸು ಇರಲೇಬೇಕು. ಮೆಟ್ರಿಕ್ ಪಾಸಾದವರೂ ಫೇಲಾದವರೂ ಅಲ್ಲಿ ಒಂದೇ ಬೆಂಚಿನಲ್ಲಿ ಕೂತು ಎ ಎಸ್ ಡಿ ಎಫ್ ಬಡಿಯುತ್ತಿದ್ದರು. ಜೂನಿಯರ್ ಆದರೆ ನೌಕರಿಯ ಆಸೆ, ಸೀನಿಯರ್ ಆದರೆ ಹೆಣ್ಣಿನ ಕಡೆಯವರಿಗೆ ಆಸೆ. ಎಲ್ಲ ಇಪ್ಪತ್ತಾರು ಅಕ್ಷರಗಳೂ ಬರಲೆಂದು ಒಂದು ಕಂದು ನರಿಯನ್ನು ಸೋಮಾರಿ ನಾಯಿಯ ಮೇಲೆ ಜಿಗಿಸುವ ವಾಕ್ಯವಿದೆಯಲ್ಲ, ಅದನ್ನು ಹಾಳೆಯ ಎರಡೂ ಮಗ್ಗುಲಿಗೆ ಹೊಡೆಸುತ್ತಿದ್ದರು. ನಮ್ಮ ತೊಗರಿ ಹೊಲದ ನರಿ ನಾಯಿಯನ್ನು ಕಂಡರೆ ಜಿಗಿಯುವುದಿಲ್ಲ, ಬಾಲ ಎತ್ತಿ ಓಡುತ್ತದೆ. ಆದರೂ ಪರೀಕ್ಷೆಯಲ್ಲಿ ಜಿಗಿಸಿದವರೇ ಪಾಸಾದರು.

ಪಾಸಾದವರಿಗೆ ನಮ್ಮ ಕಡೆ ಕೆಲಸವೂ ಕಾದಿತ್ತು, ಮತ್ತು ಅದನ್ನು ಕೊಟ್ಟದ್ದು ಕೃಷ್ಣಾ ನದಿ. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟರು. ಅದಾಗಿ ಮೂರು ವಾರ ಕಳೆಯುವುದರೊಳಗೆ ಅವರು ಪ್ರಧಾನಿಯಾದರು. ಅಣೆಕಟ್ಟು ಮುಗಿಯುವುದಕ್ಕೆ ಮಾತ್ರ ಹಲವು ಪ್ರಧಾನಿಗಳು ಬೇಕಾದರು. ಮೇಲೆ ಆಲಮಟ್ಟಿ, ಕೆಳಗೆ ನಾರಾಯಣಪುರ, ನಡುವೆ ನಾವು. ನೀರು ಬರುವ ಮೊದಲು ನೋಟೀಸು ಬಂತು. 1894ರ ಭೂಸ್ವಾಧೀನ ಕಾಯಿದೆಯ ಸೆಕ್ಷನ್‌ಗಳು ನಮ್ಮ ಹೊಳೆದಂಡೆಯ ರೈತರ ಬಾಯಲ್ಲಿ ನಕ್ಷತ್ರ, ಮಳೆಗಳ ಹಾಗೆ ಆಡತೊಡಗಿದವು. “ನಾಕು ಬಂತೇನು?” ಎಂದರೆ ಭೂಮಿ ತೆಗೆದುಕೊಳ್ಳುತ್ತೇವೆಂಬ ಪ್ರಕಟಣೆ ಬಂತೇ ಎಂದು. “ಹದಿನೆಂಟು ಹಾಕೀನಿ” ಎಂದರೆ, ಕೊಟ್ಟ ಪರಿಹಾರ ಸಾಲದು, ಕೋರ್ಟಿಗೆ ಕಳಿಸಿ ಎಂದು ಅರ್ಜಿ ಕೊಟ್ಟಿದ್ದೇನೆ ಎಂದು. ಈ ಹದಿನೆಂಟಕ್ಕೆ ಗಡುವಿತ್ತು. ನಮ್ಮ ರಾಜ್ಯದಲ್ಲಿ, ಪರಿಹಾರ ಗೊತ್ತುಮಾಡಿದ ಅವಾರ್ಡಿನ ನೋಟೀಸು ಮುಟ್ಟಿದ ದಿನದಿಂದ ತೊಂಬತ್ತು ದಿನ. ಆದ್ದರಿಂದ ಅವಾರ್ಡ್ ಆದ ಊರಿನವರೆಲ್ಲ ಒಂದೇ ಸಲಕ್ಕೆ ಟಂಟಂ ಹತ್ತಿ ಬರುತ್ತಿದ್ದರು, ವಕೀಲರ ಪಡಸಾಲೆಯಲ್ಲಿ ಹೊತ್ತು ಮುಳುಗಿದ ಮೇಲೂ ಟಕಟಕ ನಿಲ್ಲುತ್ತಿರಲಿಲ್ಲ.

ನಾನು ಕೊಂಡ ಮಷಿನ್ನುಗಳಲ್ಲಿ ಕೋರ್ಟಿನ ಓಣಿಯಿಂದ ಬಂದದ್ದು ಯಾವುದು ಎಂದು ನೋಡಿದೊಡನೆ ಹೇಳಬಲ್ಲೆ. ಕವಿ ಬಳಸಿದ ಮಷಿನ್ನಿನಲ್ಲಿ (ಅಂಥದ್ದು ನನಗಿನ್ನೂ ಸಿಕ್ಕಿಲ್ಲ) ಅಕ್ಷರದ ಸಾಲು ಸವೆದಿರಬಹುದು. ಇವುಗಳಲ್ಲಿ ಸವೆದಿರುವುದು ಅಂಕಿಯ ಸಾಲು. ಸರ್ವೆ ನಂಬರು, ಎಕರೆ, ಗುಂಟೆ, ಎಕರೆಗೆ ಎಷ್ಟು, ಬಾವಿಗೆ ಎಷ್ಟು, ಬೇವಿನ ಗಿಡಕ್ಕೆ ಎಷ್ಟು, ಮನೆಯ ತೊಲೆಗೆ ಎಷ್ಟು. ಮುಳುಗುವ ಊರನ್ನು ಕಾಗದದ ಮೇಲೆ ಎತ್ತಿಡಲು ಅಂಕಿಗಳೇ ಹೆಚ್ಚು ಬೇಕಾದವು. ಅರ್ಧ, ಕಾಲುಗಳಿಗೆ ಬೇರೆ ಕೀಲಿಯೇ ಇದೆ. ಅದರ ಮೇಲಿನ ಬಿಳಿ ಬಣ್ಣ ಪೂರ್ತಿ ಹೋಗಿದೆ. ಅರ್ಧ ಗುಂಟೆಯನ್ನೂ ಯಾರೂ ಬಿಟ್ಟುಕೊಟ್ಟಿಲ್ಲ.

ಇಲ್ಲೇ ಒಂದು ಸ್ವಾರಸ್ಯವಿದೆ. ಹಳೆಯ ಹಲವು ಇಂಗ್ಲಿಷ್ ಮಷಿನ್ನುಗಳಲ್ಲಿ ಒಂದು ಎಂಬ ಅಂಕಿಯೇ ಇಲ್ಲ. ಅಂಕಿಯ ಸಾಲು ಶುರುವಾಗುವುದೇ 2ರಿಂದ. ಒಂದು ಕೀಲಿ ಉಳಿಯಲೆಂದು ಕಂಪನಿಯವರು ಅದನ್ನು ಬಿಟ್ಟರು. ಸಣ್ಣಕ್ಷರದ ಎಲ್ ಹೊಡೆದರೆ ಸಾಕು, ಕಣ್ಣಿಗೆ ಒಂದರ ಹಾಗೇ ಕಾಣುತ್ತದಲ್ಲ ಎಂಬುದು ಲೆಕ್ಕ. ಉದ್ಗಾರ ಚಿಹ್ನೆಯೂ ಇಲ್ಲ, ಅದಕ್ಕೆ ಮೇಲುಕೊಕ್ಕೆ ಹೊಡೆದು, ಒಂದು ಮನೆ ಹಿಂದೆ ಬಂದು, ಅಡಿಯಲ್ಲಿ ಚುಕ್ಕೆ ಇಡಬೇಕು. ಅರ್ಜಿ ಕೊಡುವವನಿಗೆ ಉದ್ಗಾರದ ಅನುಕೂಲ ಯಾಕೆ ಎಂದು ಬಿಟ್ಟಿರಬೇಕು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಆ ಒಂದು? 1894ರ ಕಾಯಿದೆ, 18ನೆಯ ಸೆಕ್ಷನ್, 1 ಎಕರೆ 11 ಗುಂಟೆ, ಅರ್ಜಿದಾರ ನಂಬರ್ 1. ಇವುಗಳಲ್ಲಿ ಒಂದೂ ಒಂದಲ್ಲ, ಎಲ್ಲವೂ ಎಲ್. ಅಂಥ ಮಷಿನ್ನಿನಲ್ಲಿ ಹೊಡೆದ ಅರ್ಜಿಗಳಲ್ಲಿ ಒಂದು ಎಂಬುದೇ ಇಲ್ಲದೆ ಎಷ್ಟೋ ಹೊಲಗಳು ನೀರಿಗೆ ಹೋದವು, ಎಷ್ಟೋ ಪರಿಹಾರ ಮಂಜೂರಾದವು. ಬಲಗೈ ಉಂಗುರಬೆರಳಿನ ಕೆಳಗಿನ ಆ ಕೀಲಿ ತೋಡಿದ ಹಾಗೆ ತಗ್ಗಾಗಿರುವುದನ್ನು ನೋಡಿದಾಗಲೆಲ್ಲ, ಇಂಗ್ಲಿಷಿನಲ್ಲಿ ಇಷ್ಟು ಎಲ್ ಯಾರು ಬಳಸಿದರು ಎಂದು ಹೊರಗಿನವರು ಕೇಳುತ್ತಾರೆ. ಇಂಗ್ಲಿಷ್ ಬಳಸಲಿಲ್ಲ, ಜಮೀನು ಬಳಸಿತು.

ಅರ್ಜಿಗೆ ಪ್ರತಿಗಳು ಬೇಕು. ಹಾಳೆ, ಕಾರ್ಬನ್, ಹಾಳೆ, ಕಾರ್ಬನ್ ಎಂದು ಒತ್ತಿ ಏರಿಸಿ, ಕೊನೆಯ ಹಾಳೆಗೂ ಮುಟ್ಟುವಂತೆ ಬಡಿಯಬೇಕು. ಮೇಲಿನ ಹಾಳೆಯಲ್ಲಿ ಓ ಎಂಬ ಅಕ್ಷರ ತೂತೇ ಬೀಳುತ್ತಿತ್ತು. ಕೆಳಗಿನದರಲ್ಲಿ ಅಕ್ಷರಗಳಿಗೆ ಮಂಜು ಕವಿದಿರುತ್ತಿತ್ತು. ಮೇಲಿನದು ಸರ್ಕಾರಕ್ಕೆ, ಕೆಳಗಿನ ಮಂಜು ರೈತನಿಗೆ. ಆ ಹೊಡೆತ ತಿಂದ ರಬ್ಬರ್ ರೋಲರುಗಳ ಮೈಯೆಲ್ಲ ಸಿಡುಬಿನ ಕಲೆ. ನುಣ್ಣಗಿನ ರೋಲರಿದ್ದ ಮಷಿನ್ನು ಬಂತೆಂದರೆ ಅದು ಕೆಲಸ ಕಡಿಮೆ ಇದ್ದ ಕಚೇರಿಯದು ಎಂದು ತಿಳಿಯಬಹುದು. ಯಾವ ಕಚೇರಿ ಎಂದು ಹೇಳುವುದಿಲ್ಲ.

ಕನ್ನಡ ಮಷಿನ್ನಿನದು ಬೇರೆಯೇ ಸಾಹಸ. ಇಂಗ್ಲಿಷಿಗೆ ಲೆಕ್ಕ ಹಾಕಿ ಮಾಡಿದ ನಲವತ್ತು ಚಿಲ್ಲರೆ ಕೀಲಿಗಳಲ್ಲಿ ನಮ್ಮ ಸ್ವರ, ವ್ಯಂಜನ, ಕಾಗುಣಿತ, ಒತ್ತಕ್ಷರ ಎಲ್ಲ ಕೂಡಿಸಬೇಕು. ಕೆ. ಅನಂತಸುಬ್ಬರಾಯರು ಕೀಲಿಮಣೆ ಮಾಡಿದ್ದು ಅಕ್ಷರಗಳನ್ನು ಬಿಡಿಭಾಗಗಳಾಗಿ ಒಡೆದು: ಮೈ ಒಂದು ಕೀಲಿಯಲ್ಲಿ, ಕೊಂಬು ಒಂದರಲ್ಲಿ, ದೀರ್ಘ ಇನ್ನೊಂದರಲ್ಲಿ, ಒತ್ತು ಮತ್ತೊಂದರಲ್ಲಿ. 1963ರಲ್ಲಿ ರಾಜ್ಯಭಾಷೆಯ ಕಾಯಿದೆ ಬಂದ ಮೇಲೆ ಮೆಲ್ಲಗೆ, ಬಹಳ ಮೆಲ್ಲಗೆ, ಇವು ತಾಲೂಕು ಕಚೇರಿಗಳಿಗೆ ಬಂದವು. ಇದರಲ್ಲಿ ಕೆಲವು ಕೀಲಿ ಒತ್ತಿದರೆ ಅಚ್ಚು ಬೀಳುತ್ತದೆ, ಕ್ಯಾರೇಜು ಸರಿಯುವುದಿಲ್ಲ. ಮುಂದಿನ ಹೊಡೆತ ಅದೇ ಮನೆಯಲ್ಲಿ ಬೀಳಲೆಂದು ಹಾಗೆ. ರಿಪೇರಿಯ ಅರ್ಧ ಗೋಳು ಇದೇ. ಸರಿಯಬಾರದ ಕೀಲಿ ಸರಿಯುತ್ತದೆ, ಸರಿಯಬೇಕಾದದ್ದು ಅಲ್ಲೇ ಕೂರುತ್ತದೆ. ಒತ್ತು ತನ್ನ ಅಕ್ಷರ ಬಿಟ್ಟು ಪಕ್ಕದವರ ಕಾಲಿಗೆ ಬೀಳುತ್ತದೆ.

ರಿಪೇರಿ ಎಂದೆನಲ್ಲ. ಬಹಳ ಮಂದಿ ತಿಳಿದಂತೆ ಇದು ಎಣ್ಣೆ ಬಿಡುವ ಕೆಲಸ ಅಲ್ಲ, ಎಣ್ಣೆ ತೆಗೆಯುವ ಕೆಲಸ. ಅಚ್ಚಿನ ಕಡ್ಡಿಗಳೆಲ್ಲ ಬಂದು ಕೂರುವ ಅರ್ಧಚಂದ್ರದ ಸೀಳುಗಳಿವೆ, ಅವಕ್ಕೆ ಒಂದು ಹನಿ ಎಣ್ಣೆ ಬಿಟ್ಟರೂ ಕೆಟ್ಟಿತು. ಆ ಹೊತ್ತು ಜಾರುತ್ತದೆ, ಆಮೇಲೆ ಧೂಳು ಹಿಡಿದು ಅಂಟಾಗುತ್ತದೆ. ನಮ್ಮ ಎರೆಮಣ್ಣಿನ ಧೂಳೋ, ಅದಕ್ಕೆ ಹೋಗಬಾರದ ಜಾಗವಿಲ್ಲ. ಜೋಳದ ರಾಶಿಯ ದಿನಗಳಲ್ಲಿ ಹೊಟ್ಟೂ ಅದರ ಜೊತೆ ಸೇರುತ್ತದೆ. ಬಿಳಿ ಪೆಟ್ರೋಲು, ಹಳೆ ಹಲ್ಲುಜ್ಜುವ ಬ್ರಶ್ಶು, ತಾಳ್ಮೆ ಇಷ್ಟಿದ್ದರೆ ಸತ್ತಿದೆ ಎಂದುಕೊಂಡ ಮಷಿನ್ನು ಮಾತಾಡುತ್ತದೆ. ಸ್ಪಿರಿಟ್ಟನ್ನು ಮಾತ್ರ ಬಣ್ಣದ ಹತ್ತಿರ ಒಯ್ಯಬಾರದು, ಕಂಪನಿಯ ಚಿನ್ನದ ಹೆಸರು ಅರಿವೆಗೆ ಬರುತ್ತದೆ. ಎಣ್ಣೆ ಕ್ಯಾರೇಜಿನ ಹಳಿಗೆ ಒಂದಿಷ್ಟು, ಅದೂ ಸವರಿ ಒರೆಸಬೇಕು. ಬಿಸಿಲಿಗೆ ಕಲ್ಲಾದ ರೋಲರನ್ನು ಸಣ್ಣ ಪಾಲಿಶ್ ಕಾಗದದಿಂದ ತೀಡಿ, ಹಿಂದೆ ಇನ್ನೊಂದು ಹಾಳೆ ಕೊಟ್ಟು ಹೊಡೆದರೆ ಇನ್ನಷ್ಟು ದಿನ ನಡೆಯುತ್ತದೆ. ಹಲ್ಲಿಯ ತತ್ತಿ ಸಿಕ್ಕರೆ ಮರಿ ಆಗುವ ತನಕ ಕಾಯಬೇಕು ಎಂಬುದು ನಮ್ಮ ಮನೆಯ ಕಾನೂನು.

ಕ್ಯಾರೇಜು ಮುಂದೆ ಸರಿಯದಿದ್ದರೆ ಹತ್ತರಲ್ಲಿ ಎಂಟು ಸಲ ಅದನ್ನು ಎಳೆಯುವ ಪಟ್ಟಿ ಕಡಿದಿರುತ್ತದೆ. ಒಳಗೊಂದು ಡಬ್ಬಿಯಲ್ಲಿ ಸುತ್ತಿದ ಸ್ಪ್ರಿಂಗು, ಅದರಿಂದ ಕ್ಯಾರೇಜಿಗೆ ಒಂದು ಪಟ್ಟಿ, ಅದನ್ನು ಹಲ್ಲು ಹಲ್ಲಾಗಿ ಬಿಟ್ಟುಕೊಡುವ ಒಂದು ಚಕ್ರ. ಕೀಲಿ ಒತ್ತಿದಾಗ ಒಂದು ಹಲ್ಲು ಮಾತ್ರ ದಾಟಲು ಅಪ್ಪಣೆ. ಇಡೀ ಯಂತ್ರದ ಜೀವ ಇಷ್ಟೇ, ಅದೂ ಕಣ್ಣೆದುರಿಗೇ. ನನಗೆ ಈ ಹುಚ್ಚು ಹಿಡಿದದ್ದಕ್ಕೆ ಕಾರಣವೂ ಇದೇ ಇರಬೇಕು: ಇದರಲ್ಲಿ ಏನು ಕೆಟ್ಟಿದೆಯೋ ಅದು ಕಾಣುತ್ತದೆ. ಸರ್ವರ್ ಡೌನ್ ಎಂಬ ಮಾತಿಗೆ ಇಲ್ಲಿ ಎಡೆ ಇಲ್ಲ. ಆ ಪಟ್ಟಿ ಈಗ ಎಲ್ಲೂ ಸಿಗುವುದಿಲ್ಲವಾದ್ದರಿಂದ ತಂಗಡಗಿ ಕಡೆಯ ಹಿನ್ನೀರಿನಲ್ಲಿ ಮೀನು ಹಿಡಿಯುವವರ ನೈಲಾನ್ ದಾರ ಕಟ್ಟುತ್ತೇನೆ. ಸೊಗಸಾಗಿ ಎಳೆಯುತ್ತದೆ. ಮುಳುಗಡೆಯ ಅರ್ಜಿ ಹೊಡೆದ ಮಷಿನ್ನುಗಳು ಮುಳುಗಿಸಿದ ನೀರಿನ ಗಾಳದ ದಾರದ ಮೇಲೆ ನಡೆಯುತ್ತಿವೆ.

1955ರಲ್ಲಿ ಭಾರತದ್ದೇ ಟೈಪ್‌ರೈಟರು ಮಾಡಿ ಬೀಗಿದ ಗೋದ್ರೆಜ್ 2009ರಲ್ಲಿ ತಯಾರಿಕೆ ನಿಲ್ಲಿಸಿತು. ಎರಡು ವರ್ಷದ ಮೇಲೆ ಆ ಸುದ್ದಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು, ಜಗತ್ತಿನ ಕಟ್ಟಕಡೆಯ ಕಾರ್ಖಾನೆ ಎಂದು ಕೆಲವರು ಅತ್ತೂ ಬಿಟ್ಟರು. ಕಟ್ಟಕಡೆಯದು ಆಗಿರಲಿಲ್ಲ. 1894ರ ಕಾಯಿದೆಯೂ 2014ರ ಜನವರಿ 1ರಿಂದ ಹೋಗಿ ಹೊಸದು ಬಂತು. ಹದಿನೆಂಟು ಎಂದರೆ ಈಗಿನ ಹುಡುಗರಿಗೆ ಮತದಾನದ ವಯಸ್ಸು.

ಕೋರ್ಟಿನ ಓಣಿಯಲ್ಲಿ ಜೀವಮಾನ ಕಳೆದ ನಿವೃತ್ತ ಟೈಪಿಸ್ಟರೊಬ್ಬರು ಆಗಾಗ ಬಂದು ನನ್ನ ಮಷಿನ್ನುಗಳನ್ನು ಪರೀಕ್ಷಿಸಿ ಕೊಡುತ್ತಾರೆ. ಅವರ ಬೆರಳಿಗೆ ಮೆತ್ತಗೆ ಹೊಡೆಯುವುದು ಗೊತ್ತಿಲ್ಲ. ಒಂದೇ ಹಾಳೆ ಇದ್ದರೂ ಕೆಳಗೆ ನಾಲ್ಕು ಕಾರ್ಬನ್ ಇದೆ ಎಂಬಂತೆ ಬಡಿಯುತ್ತಾರೆ. ಮತ್ತು ಪ್ರತಿ ಸಲವೂ ಹೊಡೆಯುವುದು ಅರ್ಜಿಯ ತಲೆಬರಹವನ್ನೇ. ಈಚೆಗೆ ಒಂದು ಕನ್ನಡ ರೆಮಿಂಗ್ಟನ್ ಸಿದ್ಧವಾದಾಗ, “ಬ್ಯಾರೆ ಏನರ ಹೊಡೀರಿ ಸರ, ನಿಮ್ಮ ಮನಸಿನ್ಯಾಗಿಂದು” ಎಂದೆ. ಅವರು ಕನ್ನಡಕ ಏರಿಸಿ, “ನಂದೇನೈತಿ? ಮಂದಿ ಹೇಳಿದ್ದ ಹೊಡದೀನಿ. ನೀವು ಬರಿಯೋರು, ನೀವು ಹೇಳ್ರಿ” ಎಂದು ಬೆರಳು ಇಟ್ಟು ಕೂತರು. ನನಗೆ ಒಂದು ಸಾಲೂ ಹೊಳೆಯಲಿಲ್ಲ. ಕೊನೆಗೆ ಪೆಟ್ರೋಲು, ಬ್ರಶ್ಶು, ರಿಬ್ಬನ್, ಸೊಲ್ಲಾಪುರದ ಬಸ್ಸಿನ ಚಾರ್ಜು ಎಂದು ಆ ಮಷಿನ್ನಿಗೆ ತಗುಲಿದ ಖರ್ಚನ್ನೇ ಹೇಳಿದೆ. ಅವರು ಒಂದೂ ತಪ್ಪಿಲ್ಲದೆ ಹೊಡೆದು, ಬಲಕ್ಕೆ ಮೊತ್ತ ಕೂಡಿಸಿ, ಮೇಲೆ ತಾವಾಗಿಯೇ ‘ಮಾನ್ಯರೇ’ ಎಂದು ಸೇರಿಸಿ, ಕೆಳಗೆ ‘ಮೇಲ್ಕಂಡ ಮೊತ್ತವನ್ನು ಬಡ್ಡಿ ಸಹಿತ ಕೊಡಿಸಬೇಕಾಗಿ ವಿನಂತಿ’ ಎಂದು ಮುಗಿಸಿ, ಸಹಿಗೆ ಜಾಗ ಬಿಟ್ಟು ನನ್ನ ಹೆಂಡತಿಯ ಕೈಗೆ ಕೊಟ್ಟರು.