ಬಾನೆಟ್ ಎತ್ತಿದ ಮೇಲೆ

ಆ ನೀರಿನ ಪೈಪ್ ಪಕ್ಕಕ್ಕಿಡಿ ಮೇಷ್ಟ್ರೇ, ಕ್ಯಾಪ್ ಮುಟ್ಟಬೇಡಿ, ಇನ್ನೂ ಹಬೆಯಾಡ್ತಿದೆ. ರೇಡಿಯೇಟರ್ ಕ್ಯಾಪ್ ಅಂದ್ರೆ ಬರೀ ಮುಚ್ಚಳ ಅಲ್ಲ, ಕುಕ್ಕರ್ ಮೇಲಿನ ವೆಯ್ಟ್ ಇದ್ದ ಹಾಗೆ. ಅದು ಒತ್ತಡ ಹಿಡಿದಿಟ್ಟಿರೋದ್ರಿಂದಲೇ ಒಳಗಿನ ನೀರು 100 ಡಿಗ್ರಿ ದಾಟಿದ್ರೂ ಕುದಿಯಲ್ಲ. ಈಗ ತೆಗೆದ್ರೆ ಒಂದೇ ಸಲಕ್ಕೆ ಕುದ್ದು ಮುಖಕ್ಕೇ ಹಾರುತ್ತೆ. ತಣ್ಣೀರಂತೂ ಬೇಡವೇ ಬೇಡ. ಮಾರುತಿ 800ರ ಹೆಡ್ಡು ಅಲ್ಯೂಮಿನಿಯಂದು, ಕಾದಾಗ ತಣ್ಣೀರು ಬಿದ್ರೆ ಸೊಟ್ಟಗಾಗುತ್ತೆ, ಇಲ್ಲಾ ಬಿರುಕು ಬಿಡುತ್ತೆ. ಅರ್ಧ ಗಂಟೆ ಕಾದ್ರೆ ನಿಮ್ಮ ಗಂಟೇನೂ ಹೋಗಲ್ಲ. ಕಾಫಿ ಆಗಿದ್ರೆ ಎರಡು ಲೋಟ ಈ ಗೋಡೆ ಮೇಲೇ ಇಡೋಕೆ ಅಕ್ಕಾವ್ರಿಗೆ ಹೇಳಿ.

ನೋಡಿದ್ರಾ, ಬಾನೆಟ್ ಎತ್ತಿದ ಕೂಡ್ಲೇ ಬೀದಿಗೆ ಬೀದಿಯೇ ಮೆಕ್ಯಾನಿಕ್ ಆಯ್ತು. ಹಾಲಿನವನು ವಾಟರ್ ಪಂಪ್ ಅಂದ, ಮೂಲೆಮನೆಯವರು ಗುಜರಿಗೆ ಹಾಕಿ ಅಂದ್ರು. 1983ರಿಂದ 2014ರವರೆಗೆ ತಯಾರಾದ ಗಾಡಿ, ಸಾಮಾನು ಸಿಗದೆ ಏನು? ಇಷ್ಟು ಜನ ಬಾಯಿ ಹಾಕಿದ್ರು, ಆದ್ರೆ ಯಾವಾಗ ಬಿಸಿಯಾಗುತ್ತೆ ಅಂತ ಒಬ್ರೂ ಕೇಳ್ಲಿಲ್ಲ.

ನಾನು ಕೇಳೋದು ಅದೊಂದನ್ನೇ. ಸಿಗ್ನಲ್‌ನಲ್ಲಿ ನಿಂತಾಗ ಮುಳ್ಳು ಏರಿ, ಓಡೋಕೆ ಶುರು ಮಾಡಿದ್ರೆ ಇಳಿಯುತ್ತಾ? ಹಾಗಾದ್ರೆ ಫ್ಯಾನ್ ಕಡೆ ನೋಡ್ಬೇಕು. ಓಡುವಾಗ ಗಾಳಿ ತಾನಾಗೇ ಬಡಿಯುತ್ತೆ, ನಿಂತಾಗ ಫ್ಯಾನೇ ಗತಿ. ಅಂಬಾಸಡರ್‌ನಲ್ಲಿ ಬೆಲ್ಟ್ ಫ್ಯಾನು, ಎಂಜಿನ್ ತಿರುಗಿದ್ರೆ ಅದೂ ತಿರುಗ್ತಿತ್ತು, ಬೆಲ್ಟ್ ಸಡಿಲ ಆಗಿದ್ಯಾ ಅಂತ ಹೆಬ್ಬೆರಳಲ್ಲಿ ಒತ್ತಿ ನೋಡಿದ್ರೆ ಮುಗೀತು. ನಿಮ್ಮದು ಕರೆಂಟ್ ಫ್ಯಾನ್. ಬ್ಯಾಟರಿಯಿಂದ ನೇರ ಎರಡು ವೈರು ಕೊಡಿ. ತಿರುಗಿದ್ರೆ ಮೋಟಾರು ಸರಿ, ತಪ್ಪು ಸ್ವಿಚ್ಚಿಂದೋ ಫ್ಯೂಸಿಂದೋ.

ಏನಂದ್ರಿ? ತುಮಕೂರು ರೋಡಲ್ಲಿ, ಆರಾಮಾಗಿ ಓಡ್ತಿರುವಾಗಲೇ ಏರ್ತಾ? ಹಂಗಾದ್ರೆ ಫ್ಯಾನ್ ಬಿಡಿ. ನೀರಿನ ಹರಿವೇ ಕಟ್ಟಿದೆ. ನಿಮ್ಮ ಮೇಲೆ ನಂಗೆ ಅನುಮಾನ ಇದ್ದೇ ಇತ್ತು, ಯಾವಾಗ ನೋಡಿದ್ರೂ ಬೋರ್‌ವೆಲ್ ನೀರೇ ಸುರೀತಿರ್ತೀರಿ. ನಮ್ಮ ಏರಿಯಾದ ಗಡಸು ನೀರಿಗೆ ಗೀಸರ್ ಕಾಯಿಲ್ಲೇ ಬಿಳಿ ಪೊರೆ ಕಟ್ಟಿ ಸಾಯುತ್ತೆ, ಇನ್ನು ರೇಡಿಯೇಟರಿನ ಆ ತೆಳ್ಳಗಿನ ಟ್ಯೂಬುಗಳು ತಡೀತಾವಾ? ಎಂಜಿನ್ ಕಾದ ಮೇಲೆ ಆಫ್ ಮಾಡಿ, ರೇಡಿಯೇಟರ್ ಮೇಲೆ ಜೋಪಾನವಾಗಿ ಕೈಯಾಡಿಸಿ. ಕಟ್ಟಿರೋ ಜಾಗ ತಣ್ಣಗಿರುತ್ತೆ. ಹೊರಗಡೆ ಕೆಸರು, ಹುಳ ಸೇರಿಕೊಂಡು ರೆಕ್ಕೆಗಳ ಸಂದು ಮುಚ್ಚಿದ್ರೂ ಇದೇ ಪಾಡು. ಕೆಳಗಿನ ಹೋಸ್ ಪೈಪ್ ಮೆತ್ತಗಾಗಿದ್ರೆ ಎಂಜಿನ್ ಜೋರಾದಾಗ ಒಳಕ್ಕೆ ಚಪ್ಪಟೆಯಾಗಿ ದಾರಿ ಮುಚ್ಚುತ್ತೆ, ಆಫ್ ಮಾಡಿದ್ರೆ ಏನೂ ಆಗದ ಹಾಗೆ ಉಬ್ಬಿ ಕೂತಿರುತ್ತೆ. ಅದನ್ನೂ ಹಿಚುಕಿ ನೋಡಿ.

ಥರ್ಮೋಸ್ಟಾಟಾ? ಆ ವಿಷಯ ಎತ್ತಬೇಡಿ, ಬಿಪಿ ಏರುತ್ತೆ. ‘ನಮ್ಮ ಸೆಖೆ ದೇಶಕ್ಕೆ ಇದು ಬೇಡ ಸಾರ್’ ಅಂತ ಕಿತ್ತೆಸೆಯೋ ಗ್ಯಾರೇಜುಗಳು ಎಷ್ಟೋ ಇವೆ. ಅದೊಂದು ಬಾಗಿಲು. ಎಂಜಿನ್ ಹದಕ್ಕೆ ಬರೋವರೆಗೂ ನೀರನ್ನ ರೇಡಿಯೇಟರಿಗೆ ಬಿಡಲ್ಲ. 80-85 ಡಿಗ್ರಿ ಹೊತ್ತಿಗೆ ತೆರೆಯುತ್ತೆ. ಕಿತ್ತು ಹಾಕಿದ್ರೆ ಎಂಜಿನ್ ತಣ್ಣಗೇ ಓಡಿ ಪೆಟ್ರೋಲ್ ಕುಡಿಯುತ್ತೆ, ಬೇಗ ಸವೆಯುತ್ತೆ. ಮುಚ್ಚಿದ ಹಾಗೇ ಕಚ್ಚಿಕೊಂಡಿದ್ರೆ ಹೊಸದು ಹಾಕ್ಬೇಕು, ಅಷ್ಟೇ. ಮುಳ್ಳು ಮೇಲಕ್ಕೆ ಹೋಗಿದೆ, ರೇಡಿಯೇಟರಿಗೆ ಹೋಗೋ ಮೇಲಿನ ಹೋಸ್ ಮಾತ್ರ ತಣ್ಣಗಿದೆ ಅಂದ್ರೆ ಅದರದೇ ಕೆಲಸ. ನಂಬಿಕೆ ಬರದಿದ್ರೆ ಬಿಚ್ಚಿ, ಒಂದು ಹಳೇ ಪಾತ್ರೇಲಿ ನೀರಿಟ್ಟು ಕಾಯಿಸಿ, ಬಾಯಿ ಬಿಡುತ್ತಾ ನೋಡಿ. ಪಾತ್ರೆ ಅಕ್ಕಾವ್ರನ್ನ ಕೇಳಿ ತಗೊಳ್ಳಿ, ನನ್ನ ಹೆಸರು ಹೇಳಬೇಡಿ.

ನನಗೆ ಇದಕ್ಕಿಂತ ದೊಡ್ಡ ಭಯ ಹೆಡ್ ಗ್ಯಾಸ್ಕೆಟ್‌ದು. ಎಲ್ಲೂ ಸೋರದೆ ನೀರು ಕಮ್ಮಿಯಾಗ್ತಿದ್ಯಾ? ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ ಬರ್ತಾನೇ ಇರುತ್ತಾ? ಆಯಿಲ್ ಕಡ್ಡಿ ಎಳೀರಿ ನೋಡೋಣ. ಹ್ಞಾ, ಆಯಿಲ್ ಕಪ್ಪಗೇ ಇದೆ, ಬೆಳ್ಳಗೆ ನೊರೆ ಇಲ್ಲ. ಬೆಳಗ್ಗೆ ತಣ್ಣಗಿರುವಾಗ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ, ಗುಳ್ಳೆ ಬರ್ತಾನೇ ಇದ್ರೆ ಹೇಳಿ. ಇಲ್ಲದಿದ್ರೆ ಬಚಾವ್.

ಸಣ್ಣ ಸೋರಿಕೆಗೆ ಅರಿಶಿನ ಹಾಕ್ತಿದ್ರು ನಿಜ, ಲಾರಿಯವರ ಹಳೇ ಔಷಧಿ. ತೂತು ಮುಚ್ಚುತ್ತೆ. ಅದೇ ಅರಿಶಿನ ಒಳಗಿನ ಟ್ಯೂಬನ್ನೂ ಮುಚ್ಚುತ್ತೆ ಅಂತ ಯಾರೂ ಹೇಳಲ್ಲ. ಊರು ಮುಟ್ಟೋಕೆ ಸರಿ, ಸಂಸಾರ ಮಾಡೋಕಲ್ಲ. ಜೆ.ಸಿ. ರೋಡಿಗೆ ತಗೊಂಡು ಹೋಗೋಣ. ತಾಮ್ರ-ಹಿತ್ತಾಳೆ ರೇಡಿಯೇಟರ್ ಆದ್ರೆ ಬಿಚ್ಚಿ ರಾಡ್ ಹೊಡೆದು ಬೆಸುಗೆ ಹಾಕಿಕೊಡ್ತಾರೆ. ಆಮೇಲೆ ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ಬೋರ್‌ವೆಲ್ ನೀರು ತುಳಸಿ ಗಿಡಕ್ಕೆ ಹಾಕಿ.

ಮುಂದಿನ ವಾರ ಆಗುಂಬೆ ಇಳಿದು ಉಡುಪಿಗೆ ಅಂದ್ರಲ್ಲ? ಇಳಿಯೋದಕ್ಕೇನೂ ತೊಂದರೆಯಿಲ್ಲ. ವಾಪಸ್ ಬರುವಾಗ ಸೋಮೇಶ್ವರದಿಂದ 14 ತಿರುವು ಹತ್ತಬೇಕು, ಕೂಲಿಂಗಿನ ನಿಜವಾದ ಪರೀಕ್ಷೆ ಅಲ್ಲಿ. ಸೆಕೆಂಡ್ ಗೇರಲ್ಲಿ ಎಳೆದಾಡದೆ ಹತ್ತಿ. ಮುಳ್ಳು ಮೇಲೇರಿ ಇದ್ದಕ್ಕಿದ್ದಂತೆ ಕೆಳಗೆ ಬಿದ್ರೆ ಖುಷಿ ಪಡಬೇಡಿ. ನೀರೇ ಖಾಲಿಯಾದ್ರೆ ಸೆನ್ಸರ್‌ಗೆ ಅಳೆಯೋಕೆ ಏನೂ ಸಿಗಲ್ಲ, ಆಗ್ಲೂ ಹಾಗೇ ಬೀಳುತ್ತೆ. ತಕ್ಷಣ ಪಕ್ಕಕ್ಕೆ ಹಾಕಿ ಆಫ್ ಮಾಡಿ. ನೀರಿದ್ದೂ ನಿಧಾನಕ್ಕೆ ಏರ್ತಿದ್ರೆ ಏಸಿ ಆಫ್ ಮಾಡಿ, ಕಿಟಕಿ ಇಳಿಸಿ, ಹೀಟರ್ ಫುಲ್ ಇಡಿ. ಹೀಟರೂ ಒಂದು ಪುಟ್ಟ ರೇಡಿಯೇಟರೇ, ಎಂಜಿನ್ ಬಿಸೀನೆಲ್ಲ ಗಾಡಿಯೊಳಕ್ಕೆ ತಂದು ಸುರಿಯುತ್ತೆ. ಎಂಜಿನ್ ಉಳಿಯುತ್ತೆ, ಕೂತವರು ಬೇಯ್ತಾರೆ. ಹಿಂದಿನ ಸೀಟಿಗೆ ಅತ್ತೆಯವರು ತಾನೇ? ಅವರಿಗೆ ಇವತ್ತೇ ಒಂದು ಮಾತು ಹೇಳಿಟ್ಟುಬಿಡಿ.