ಹೊರಸು ಮೀಮಾಂಸೆ: ಬೀದರ್ ಸೀಮೆಯ ಮನೆಗಳ ಶಾಖಪ್ರಮಾಣ ಕುರಿತು ಒಂದು ಅಧಿಕರಣ

ವಿಷಯ: ಕಟ್ಟಡ ಎಷ್ಟು ಕರೆಂಟು ನುಂಗುತ್ತದೆಂದು ಅಳೆದು ಪ್ರಮಾಣಪತ್ರ ಕೊಡುವುದು ಈಗಿನ ರಾಜನೀತಿ. 2001ರ ಇಂಧನ ಸಂರಕ್ಷಣಾ ಕಾಯ್ದೆಯ ಗರ್ಭದಿಂದ 2007ರಲ್ಲಿ ವಾಣಿಜ್ಯ ಕಟ್ಟಡಗಳ ಸಂಹಿತೆ ಹುಟ್ಟಿತು. 2018ರಲ್ಲಿ ಅದಕ್ಕೆ ತಂಗಿಯಾಗಿ ವಾಸದ ಮನೆಗಳ 'ಇಕೋ ನಿವಾಸ ಸಂಹಿತೆ' ಬಂತು. ಅಕ್ಕ 100 ಕಿಲೋವ್ಯಾಟ್ ಲೋಡಿಗಿಂತ ಕೆಳಗಿನವರತ್ತ ತಿರುಗಿ ನೋಡಳು. ತಂಗಿ 500 ಚದರ ಮೀಟರಿಗಿಂತ ಚಿಕ್ಕ ನಿವೇಶನದವರನ್ನು ಮಾತಾಡಿಸಳು.

ಸಂಶಯ: ಹಾಗಾದರೆ ಭಾಲ್ಕಿಯ ಓಣಿಯಲ್ಲಿ ಮೂವತ್ತು-ನಲವತ್ತು ಅಡಿಯ ನಿವೇಶನದಲ್ಲಿ ಮೇ ತಿಂಗಳಿಡೀ ಬೇಯುವ ಜೀವಕ್ಕೆ ಧಗೆಯಾಗುತ್ತದೆಯೋ ಇಲ್ಲವೋ? ಶಾಸ್ತ್ರ ಮೌನ.

ಪೂರ್ವಪಕ್ಷ: ಐದು ನಕ್ಷತ್ರದ ಎಸಿ ತಂದರೆ ಮನೆಯೂ ಐದು ನಕ್ಷತ್ರದ್ದೇ ಎಂಬುದು ನಕ್ಷತ್ರವಾದಿಗಳ ಮತ.

ಖಂಡನೆ: ಚದರ ಮೀಟರು ಚಾವಣಿಯಿಂದ, ಒಳಹೊರಗಿನ ಪ್ರತಿ ಡಿಗ್ರಿ ಅಂತರಕ್ಕೆ 1.2 ವ್ಯಾಟಿಗಿಂತ ಹೆಚ್ಚು ಶಾಖ ನುಸುಳಬಾರದೆಂದು ತಂಗಿಯ ಆಜ್ಞೆ. ಬರಿ ಸ್ಲ್ಯಾಬು ಅದರ ಎರಡು ಪಟ್ಟಿಗೂ ಮಿಕ್ಕಿ ಒಳಬಿಡುತ್ತದೆ. ಎಸಿ ಅದನ್ನು ಓಣಿಗೆ ಚೆಲ್ಲುತ್ತದೆ, ಎದುರು ಮನೆಯವರು ಅದನ್ನು ತಾಳಲಾರದೆ ಇನ್ನೊಂದು ಎಸಿ ತರುತ್ತಾರೆ, ಪಕ್ಕದವರು ಮತ್ತೊಂದು. ಇದೇ ಅನವಸ್ಥಾದೋಷ. ಪ್ರತ್ಯಕ್ಷ ಪ್ರಮಾಣ ಬೇಕಾದವರು ಜೆಸ್ಕಾಂ ಬಿಲ್ಲು ನೋಡಬಹುದು. ಲೈಟು ಹೋದರೆ ಐದೂ ನಕ್ಷತ್ರ ಅಸ್ತ.

ಐತಿಹ್ಯ ಪ್ರಮಾಣ: ಬೀದರಿನಲ್ಲಿ 1472ರಲ್ಲಿ ಬಹಮನಿ ವಜೀರ ಮಹಮೂದ್ ಗಾವಾನ ದಪ್ಪ ಗೋಡೆ, ಎತ್ತರದ ಕಮಾನು, ನಡುವೆ ಅಂಗಳವಿಟ್ಟು ಮದರಸಾ ಕಟ್ಟಿಸಿದ. ಅದಕ್ಕೆ ಯಾರೂ ಪ್ರಮಾಣಪತ್ರ ಕೊಡಲಿಲ್ಲ. 1481ರಲ್ಲಿ ಅವನ ತಲೆ ಹೋದದ್ದು ಮಾತ್ರ ಮೊಹರು ಬಿದ್ದ ಒಂದು ಖೊಟ್ಟಿ ಪತ್ರದಿಂದ. ಆದ್ದರಿಂದ ಈ ಊರಿನಲ್ಲಿ ಕಟ್ಟಡವನ್ನು ನಂಬಬಹುದು, ಕಾಗದವನ್ನಲ್ಲ.

ಸಿದ್ಧಾಂತ: ಸುಳ್ಳು ಹೇಳದ ಮಾಪಕ ಒಂದೇ, ಮುತ್ಯಾನ ಹೊರಸು. ಮೇ ತಿಂಗಳ ಮಧ್ಯಾಹ್ನ ಅದು ನಡುಮನೆಯಲ್ಲಿದ್ದರೆ ಐದು ನಕ್ಷತ್ರ, ಪಡಸಾಲೆಯಲ್ಲಿದ್ದರೆ ಮೂರು, ಬೇವಿನ ಮರದಡಿ ಇದ್ದರೆ ಒಂದು, ಅದೂ ಮರಕ್ಕೆ. ಪಕ್ಕದ ಮಾಳಿಗೆ ಮನೆಗೆ ಹೋಗಿದ್ದರೆ ಪ್ರಮಾಣಪತ್ರ ಪಕ್ಕದವರಿಗೆ. ಹೇತು: ಅವರ ಮಣ್ಣಿನ ಗೋಡೆ ದಾಟಿ ಮಧ್ಯಾಹ್ನದ ಬಿಸಿಲು ಒಳಬರುವಷ್ಟರಲ್ಲಿ ರಾತ್ರಿಯಾಗಿರುತ್ತದೆ, ಮುತ್ಯಾ ಮಾಳಿಗೆ ಏರಿರುತ್ತಾರೆ. ಇಂಥ ಮನೆ ಕೆಡವಿ ಸ್ಲ್ಯಾಬು ಹಾಕಿದವರಿಗೆ ಬ್ಯಾಂಕಿನ ಸಾಲವೇ ಪ್ರಶಸ್ತಿ.

ಫಲ: ಔರಾದಿನ ಒಬ್ಬ ಮುತ್ಯಾರಿಗೆ ಈ ಪ್ರಮಾಣಪತ್ರದ ಕರಡನ್ನು ಓದಿ ಹೇಳಲಾಯಿತು. "ತಮ್ಮಾ, ಕಾಗದ ಆಮ್ಯಾಲ ಓದು. ಮೊದಲ ಆ ಕಡಿ ಕಾಲು ಹಿಡಿ, ನೆರಳು ಸರದದ" ಎಂದರು. ನೆರಳು ಸರಿದಂತೆ ಶ್ರೇಣಿಯೂ ಸರಿಯುವುದರಿಂದ ಪ್ರಮಾಣಪತ್ರವನ್ನು ಗಂಟೆಗೊಮ್ಮೆ ನವೀಕರಿಸತಕ್ಕದ್ದು. ಶುಲ್ಕ ಪ್ರತ್ಯೇಕ.