ನಾನು ಟೀಪಾಟ್ ಕಣ್ರೀ!

ಸಾಫ್ಟ್‌ವೇರಿನವರ ಜೋಕಿಗೆ ಅವರವರೇ ನಗಬೇಕು, ಮನೆಯವರು ಮುಖ ಮುಖ ನೋಡಬೇಕು. ಅಂಥದ್ದರಲ್ಲಿ ಒಂದು ಜೋಕು ಮಾತ್ರ ಸರ್ಕಾರಿ ಕಡತದ ಗತ್ತಿನಲ್ಲಿ ನಂಬರು ಹಾಕಿಸಿಕೊಂಡು ಕೂತಿದೆ. 1998ರ ಏಪ್ರಿಲ್ 1ರಂದು ಲ್ಯಾರಿ ಮಸಿಂಟರ್ ಎಂಬ ಪುಣ್ಯಾತ್ಮರು ಇಂಟರ್‌ನೆಟ್ಟಿನಲ್ಲೇ ಕಾಫಿ ಪಾತ್ರೆಯನ್ನು ನಡೆಸುವ ನಿಯಮಾವಳಿ ಬರೆದರು: ಆರ್‌ಎಫ್‌ಸಿ 2324. ಯಾವ ಹಾಲು ಬೆರೆಸಬೇಕು, ಸುರಿಯುತ್ತಿರುವಾಗ ‘ಸಾಕು ಸಾಕು’ ಅನ್ನುವುದು ಹೇಗೆ, ಎಲ್ಲಕ್ಕೂ ಅದರಲ್ಲಿ ಕಲಮುಂಟು. ವಿಸ್ಕಿ, ರಮ್ಮಿಗೂ ಅವಕಾಶವಿದೆ. ಕೆಫೀನ್ ತೆಗೆದ ಕಾಫಿಗೆ ಮಾತ್ರ ಇಲ್ಲ. ಅಂಥ ಕಾಫಿ ಕುಡಿದು ಏನು ಪ್ರಯೋಜನ ಎಂಬ ಧಾಟಿ. (ನನ್ನ ಓಟೂ ಅದಕ್ಕೇ.) ಟೀಪಾಟಿಗೆ ಕಾಫಿ ಮಾಡು ಅಂದರೆ ಅದು 418 ಎಂಬ ಎರರ್ ಎಸೆದು ‘ನಾನು ಟೀಪಾಟ್’ ಅನ್ನಬೇಕು!

2014ರಲ್ಲಿ, ಅದೂ ಏಪ್ರಿಲ್ 1ರಂದೇ, ಟೀಗೂ ತಿದ್ದುಪಡಿ ಬಂತು.

2017ರಲ್ಲಿ ಈ 418ನ್ನು ಕಿತ್ತುಹಾಕೋಣ ಎಂದು ಹೊರಟವರಿಗೆ ಡೆವಲಪರ್‌ಗಳು ಅಡ್ಡ ನಿಂತರು. ಡೆಡ್‌ಲೈನ್ ದಾಟಿದರೂ ಅಲುಗದ ಜನ, ಟೀಪಾಟಿಗೆ ಕುತ್ತು ಅಂದ ಕೂಡಲೇ ಎದ್ದುಬಿಟ್ಟರು. ಕೊನೆಗೆ ಸದ್ಯಕ್ಕೆ ಬೇರೆ ಯಾರಿಗೂ ಕೊಡದಂತೆ ಆ ನಂಬರನ್ನು ಕಾದಿರಿಸಲಾಗಿದೆ. ಬೆಂಗಳೂರಿನವರ ತಕರಾರು ಒಂದೇ: ಬೈಟು ಕಾಫಿಗೆ ಇನ್ನೂ ಕಲಮಿಲ್ಲ.